ಬಡ್ಡಿಗೆ ಹೋದವರು

ಇಂದುಗಿರಿಯ ಬೀದಿಬೀದಿಯಲ್ಲಿ ಡಂಗುರ ಸಾರಿದರು. "ಕೇಳಿರಪ್ಪಾ, ಊರವರೆಲ್ಲ ಕೇಳಿ. ಹೊಳೆಯಾಚೆ ಗುಡ್ಡದ ರಕ್ಕಸ ಮೂರು ಒಗಟು ಹಾಕುತ್ತಾನೆ. ಮೂರನ್ನೂ ಬಿಡಿಸಿದರೆ ರಾಜ್ಯದ ಸಾಲ ಮನ್ನಾ. ಒಂದು ತಪ್ಪಿದರೂ ತಲೆ ಅವನದು. ಗೆದ್ದು ಬಂದವರಿಗೆ ದೊರೆ ಧರಣೀಪಾಲರು ಕೇಳಿದ ಊರನ್ನು ಉಂಬಳಿ ಕೊಡುತ್ತಾರೆ."

ಹರಿಗೋಲು ನಡೆಸುವ ಸಣ್ಣೀರ ಹೊಳೆದಡದಲ್ಲಿ ಕೂತು ಕೇಳಿದ. ಆ ಸಾಲದ ಕತೆ ಅವನಿಗೆ ಹೊಸದಲ್ಲ. ದೊರೆಯ ಅಜ್ಜ ಕೋಟೆ ಕಟ್ಟಿಸಲು ರಕ್ಕಸನಿಂದ ಚಿನ್ನ ತಂದಿದ್ದ. ಅಜ್ಜನ ಮಗ ಅದರ ಬಡ್ಡಿ ಕಟ್ಟಲು ಅವನಿಂದಲೇ ಇನ್ನಷ್ಟು ತಂದ. ಈ ದೊರೆಯ ಕಾಲಕ್ಕೆ ಬೊಕ್ಕಸದ ತಳ ಕಂಡಿತು. ಚಿನ್ನವಿಲ್ಲದಿದ್ದರೆ ಬಡ್ಡಿಗೆ ಮನುಷ್ಯರನ್ನು ಕಳಿಸು ಎಂದ ರಕ್ಕಸ. ಅಂದಿನಿಂದ ಸುಗ್ಗಿ ಮುಗಿದಾಗಲೆಲ್ಲ ಊರಲ್ಲಿ ಚೀಟಿ ಎತ್ತುತ್ತಿದ್ದರು. ಹೆಸರು ಬಂದವರನ್ನು ಆಚೆ ದಡಕ್ಕೆ ಮುಟ್ಟಿಸುವುದು ಸಣ್ಣೀರನ ಪಾಲಿಗೆ ಬಂದ ಕೆಲಸ. ಇಳಿಸಿ ಬಂದ ದಿನ ಅವನ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ.

ಡಂಗುರ ಕೇಳಿ ಮೊದಲು ಬಂದವನು ದಳವಾಯಿಯ ಮಗ. ಅವನನ್ನು ಇಳಿಸಿ ಸಣ್ಣೀರ ದಡದಲ್ಲೇ ಕಾದ. ಗುಡ್ಡದ ಮೇಲಿನ ಮಾತು ಕೆಳಗೆ ಕೇಳಿಸುತ್ತಿತ್ತು. "ಹುಟ್ಟುವ ಮೊದಲೇ ಹೊರೆ ಹೊತ್ತವರು ಯಾರು?" ಎಂದ ರಕ್ಕಸ. ಮೊಟ್ಟೆಯೊಳಗೇ ಚಿಪ್ಪು ಹೊತ್ತ ಆಮೆ ಎಂದ ಹುಡುಗ. ಆಮೇಲೆ ಅವನ ದನಿ ಕೇಳಲಿಲ್ಲ.

ಪಕ್ಕದ ದೇಶದ ರಾಜಕುಮಾರ ಪಂಡಿತರಿಂದ ಪಾಠ ಹೇಳಿಸಿಕೊಂಡು ಬಂದ. ರಕ್ಕಸ ಅವನಿಗೆ ಬೇರೆಯದನ್ನೇ ಕೇಳಿದ. "ಒಂದು ಹೊಂಡ ಮುಚ್ಚಲು ಪಕ್ಕದಲ್ಲಿ ಇನ್ನೊಂದು ತೋಡುತ್ತಾನೆ. ಅದನ್ನು ಮುಚ್ಚಲು ಮತ್ತೊಂದು. ಬೆವರು ಸುರಿಯುತ್ತದೆ, ಹೊಂಡ ಮಾತ್ರ ಹಾಗೇ ಇರುತ್ತದೆ. ಯಾರವನು?" ಹೆಗ್ಗಣ ಎಂದ ರಾಜಕುಮಾರ. ಅವನ ಕುದುರೆ ಈಚೆ ದಡದಲ್ಲಿ ಸಂಜೆಯವರೆಗೂ ಕೆನೆಯುತ್ತ ನಿಂತಿತ್ತು.

ಆಮೇಲೆ ಯಾರೂ ಮುಂದೆ ಬರಲಿಲ್ಲ. ಸುಗ್ಗಿ ಮುಗಿಯಿತು. ಚೀಟಿಯಲ್ಲಿ ಕುಂಬಾರರ ದೇವೀರಿಯ ಹೆಸರು ಬಂತು. ತುಂಬಿದ ಬಸುರಿ. ಅವಳ ಗಂಡ ನೀರಿನಲ್ಲಿ ಎದೆಮಟ್ಟ ಇಳಿದು ಹರಿಗೋಲು ಹಿಡಿದುಕೊಂಡ, ಕಾವಲಿನವರು ಬಿಡಿಸಿದರು.

ನಡುಹೊಳೆಯಲ್ಲಿ ಅವಳು ಕೇಳಿದಳು, "ಅಣ್ಣಾ, ಅವನ ಲೆಕ್ಕದಲ್ಲಿ ನಾನು ಒಬ್ಬಳೋ, ಇಬ್ಬರೋ?"

ಸಣ್ಣೀರನ ಕೈಯಲ್ಲಿ ಹುಟ್ಟು ನಿಂತಿತು. ಹರಿಗೋಲು ಸುಮ್ಮನೆ ಸುತ್ತಿತು. ದಡ ಮುಟ್ಟಿದ ಮೇಲೆ ಅವಳಿಗೆ ಹರಿಗೋಲಿನಲ್ಲೇ ಕೂತಿರಲು ಹೇಳಿ, ತಾನು ಗುಡ್ಡ ಹತ್ತಿದ.

"ನಿನ್ನ ಹೆಸರು ಬಂದಿಲ್ಲವಲ್ಲ," ಎಂದ ರಕ್ಕಸ. ತಾನು ಒಗಟಿಗೆ ಬಂದವನು ಎಂದ ಸಣ್ಣೀರ. ರಕ್ಕಸ ಮೊದಲಿನದನ್ನೇ ಕೇಳಿದ.

"ಹುಟ್ಟುವ ಮೊದಲೇ ಹೊರೆ ಹೊತ್ತಿರೋದು ಕೆಳಗೆ ಹರಿಗೋಲಿನಲ್ಲಿದೆ," ಎಂದ ಸಣ್ಣೀರ. "ತಾಯಿಯ ಹೊಟ್ಟೆಯಲ್ಲಿರೋ ಕೂಸು. ಅದರ ಮುತ್ತಾತನ ಕಾಲದಲ್ಲಿ ದೊರೆ ಮಾಡಿದ ಸಾಲ ಅದರ ತಲೆ ಮೇಲಿದೆ."

ಎರಡನೆಯದಕ್ಕೂ ಅವನು ತಡೆಯಲಿಲ್ಲ. ಹೊಂಡ ತೋಡಿದವನು ನಮ್ಮ ದೊರೆಯ ಅಪ್ಪನೇ, ಹಳೆ ಸಾಲಕ್ಕೆ ಹೊಸ ಸಾಲ ತಂದು ಸುರಿದ ಎಂದ.

ರಕ್ಕಸ ಎದ್ದು ನಿಂತ. "ಕೊಟ್ಟದ್ದು ವಾಪಸ್ ಬಂದರೆ ಕೊಟ್ಟವನ ಹೊಟ್ಟೆಗೆ ತಣ್ಣೀರು ಬಟ್ಟೆ. ಬಾರದಿದ್ದಷ್ಟು ಕಾಲ ಅವನ ಬಾಯಿಗೆ ತುತ್ತು. ಅದೇನು?"

ಸಣ್ಣೀರ ಸುತ್ತ ನೋಡಿದ. ಬಂಡೆಯ ಬುಡದಲ್ಲಿ ಬಳೆಯ ಚೂರುಗಳಿದ್ದವು. ತಾನೇ ದಾಟಿಸಿ ಬಿಟ್ಟುಹೋದ ಒಬ್ಬಳವೆಂದು ಅವನಿಗೆ ಗುರುತು ಸಿಕ್ಕಿತು.

"ನೀನು ಕೊಟ್ಟ ಅಸಲು," ಎಂದ ಕೊನೆಗೆ. "ಅದು ತಿರುಗಿ ಬಂದರೆ ಬಡ್ಡಿ ನಿಲ್ಲುತ್ತೆ. ಬಡ್ಡಿ ನಿಂತರೆ ನಿನಗೆ ಉಪವಾಸ. ಅದಕ್ಕೇ ನೀನು ಅಸಲನ್ನು ಒಮ್ಮೆಯೂ ಕೇಳಲಿಲ್ಲ."

"ಹಾಗಾದರೆ ಈ ಸಾಲ ಎಂದಾದರೂ ತೀರುತ್ತಿತ್ತೇನೋ?"

"ಇಲ್ಲ. ದೊರೆಗೆ ತೀರಿಸೋ ಶಕ್ತಿ ಇಲ್ಲ, ನಿನಗೆ ತೀರಿಸಿಕೊಳ್ಳೋ ಮನಸ್ಸಿಲ್ಲ. ಸಾಲ ಹಾಗೇ ಉಳೀತು, ತೀರಿಕೊಂಡವರು ನಾವು."

ರಕ್ಕಸ ತಲೆ ತಗ್ಗಿಸಿದ. ಕೊಟ್ಟ ಮಾತಿನಂತೆ ಸಾಲ ಬಿಟ್ಟೆ ಎಂದು ಹೇಳಿ, ಗುಡ್ಡದ ಆಚೆ ಮಗ್ಗುಲಲ್ಲಿ ಇಳಿದು ಹೋದ. ಮತ್ತೆ ಯಾರೂ ಅವನನ್ನು ಕಾಣಲಿಲ್ಲ.

ದೇವೀರಿಯನ್ನು ಈಚೆ ದಡಕ್ಕೆ ತಂದಾಗ ಊರೇ ನೆರೆದಿತ್ತು. ದೊರೆ ಸಣ್ಣೀರನಿಗೆ ಶಾಲು ಹೊದಿಸಿ ಯಾವ ಊರು ಬೇಕೆಂದ. ಹೊಳೆದಡದ ಕೇರಿ ಸಾಕೆಂದ ಸಣ್ಣೀರ. ಅದು ಅವನದಾಯಿತು. ವಾದ್ಯ ಬಾರಿಸಿದರು, ಪಾಯಸ ಹಂಚಿದರು.

ಮರುದಿನ ಬೆಳಿಗ್ಗೆ ಗಾಣದ ಮನೆಯ ಮುದುಕಿ ಅವನ ಜಗುಲಿಗೆ ಬಂದಳು. ಹಿಂದೊಂದು ಸುಗ್ಗಿಯಲ್ಲಿ ಅವಳ ಒಬ್ಬನೇ ಮಗ ಹೋಗಿದ್ದ.

"ಏನೂ ಕೇಳೋಕೆ ಬಂದಿಲ್ಲ ಕಣಪ್ಪಾ," ಎಂದಳು. "ದಾಟುವಾಗ ನನ್ನ ಮಗ ಏನಾದರೂ ಅಂದನಾ?"

ಸಣ್ಣೀರ ಅವಳಿಗೆ ಚಾಪೆ ಹಾಸಿದ. "ನನಗೆ ಈಜು ಬರುತ್ತೆ, ಹಾರಿಬಿಡಲಾ ಅಂದನವ್ವ. ಆಮೇಲೆ ತಾನೇ ಬೇಡ ಅಂದ. ನಾನು ತಪ್ಪಿಸಿಕೊಂಡರೆ ಇನ್ನೊಬ್ಬರ ಚೀಟಿ ಎತ್ತುತ್ತಾರೆ ಅಂದ."

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಈಜು ಯಾವಾಗ ಕಲಿತನೋ," ಎಂದಳು. "ನೀರಿಗಿಳಿದರೆ ಹೊಡೀತಿದ್ದೆ ನಾನು."

ಅವಳ ಹಿಂದೆ ಅಂಗಳದಲ್ಲಿ ಇನ್ನೂ ಜನ ನಿಂತಿದ್ದರು, ಎಲ್ಲರೂ ತಮ್ಮವರನ್ನು ಹೊಳೆಯಾಚೆ ಕಳೆದುಕೊಂಡವರು. ಸಣ್ಣೀರ ಎದ್ದು ಮುಂದಿನವರನ್ನು ಜಗುಲಿಗೆ ಕರೆದ.