ಸೂರ್ಯಪ್ಪನ ಎಣ್ಣೆಸ್ನಾನ

ಅಲ್ಲ ಇಂಚರಾ, ಇನ್ನೂ ಯಾಕೆ ಬೆಳಕಾಗಿಲ್ಲ ಅಂತ ನನ್ನ ಕೇಳಿದ್ರೆ? ಸೂರ್ಯನಿಗೆ ಅಲಾರಂ ಇಡೋನು ನಾನಾ? ನೋಡ್ತಿದ್ದೀಯಲ್ಲ, ತಲೆ ಮೇಲೆ ಹೆಲ್ಮೆಟ್, ಕೈಲಿ ಉಪ್ಪಿಟ್ಟಿನ ತಟ್ಟೆ, ಒಂದೇ ಕಾಲಿಗೆ ಶೂ. ನಿಂತ್ಕೊಂಡೇ ಹೇಳ್ತೀನಿ, ಬೇಗ ಕೇಳು.

ಲೋಕ ಇನ್ನೂ ಹೊಸದು. ಕೆರೆಗಳಿಗೆ ಆಗಷ್ಟೇ ನೀರು ತುಂಬಿಸಿದ್ರು. ಬೆಟ್ಟಗಳು ಸರಿಯಾಗಿ ಒಣಗಿರಲಿಲ್ಲ. ಆಗ ಸೂರ್ಯಪ್ಪ ಮಳೆಗಾಲ ಚಳಿಗಾಲ ಅನ್ನದೆ ಒಂದೇ ಹೊತ್ತಿಗೆ ಬರ್ತಿದ್ದ, ಒಂದೇ ಹೊತ್ತಿಗೆ ಹೋಗ್ತಿದ್ದ. ಮನೇಲಿ ಅವನಮ್ಮ ತಟ್ಟೆ ಹಾಕಿದ್ರೆ, ನಿಂತ್ಕೊಂಡೇ ಎರಡು ತುತ್ತು ನುಂಗಿ ಓಡೋನು.

"ಕೂತ್ಕೊಂಡು ತಿನ್ನೋ ಮಗನೇ."

"ಹೊತ್ತಾಯ್ತಮ್ಮ."

"ಹೊತ್ತು ಅಂದ್ರೆ ನೀನೇ ಕಣೋ!"

ಅಷ್ಟರಲ್ಲಿ ಅವನು ಬೆಟ್ಟ ಹತ್ತಾಗಿರ್ತಿತ್ತು.

ಒಂದ್ಸಲನಾದ್ರೂ ಮಗ ಕೂತು ಉಣ್ಣೋದನ್ನ ನೋಡ್ಬೇಕು ಅಂತ ಅವಳಿಗೆ ಆಸೆ. ಗಾಳೀನ ಕೇಳಿದಳು. ಗಾಳಿ ಅಂತು, "ಎಣ್ಣೆಸ್ನಾನ ಮಾಡಿಸು. ಎಣ್ಣೆ ಹಚ್ಕೊಂಡೋರು ಯಾರೂ ಓಡಲ್ಲ, ಜಾರ್ತಾರೆ."

ಸರಿ, ದೀಪಾವಳಿ ಬಂತು. ಮನೇಲಿದ್ದ ಹಂಡೆ ಸೂರ್ಯಪ್ಪನಿಗೆ ಸಾಲಲ್ಲ ಅಂತ ಕೆರೆನೇ "ನಾನಿದೀನಿ ಬಾರಮ್ಮ" ಅಂತು. ಸಂಜೆ ಅವನು ಮನೆಗೆ ಬಂದ ತಕ್ಷಣ ಅಮ್ಮ ಹಿಡಿದು ಕೂರಿಸಿ ನೆತ್ತಿಗೆ ಎಣ್ಣೆ ಇಟ್ಟಳು. ಚೊಂಯ್ ಅಂತು. ಸಾಸಿವೆ ಹಾಕೋದೊಂದು ಬಾಕಿ. ಕೆರೆಗೆ ಇಳಿಸಿದ್ರೆ ಭುಸ್ ಅಂತ ಹಬೆ. ಸೀಗೆಪುಡಿ ಬೇರೆ ಕಣ್ಣಿಗೆ ಹೋಯ್ತು. "ಅಮ್ಮಾ, ಉರಿ!" ಅಂತ ಕಿರುಚಿದ. ಲೋಕಾನೆಲ್ಲ ಸುಡೋನು, ಅವನಿಗೇ ಉರಿ!

ಎಣ್ಣೆಸ್ನಾನ ಆದ್ಮೇಲೆ ಹೊದ್ದು ಮಲಗ್ಬೇಕಲ್ಲ. ಮೋಡ ಕಂಬಳಿಯಾಯ್ತು. ಸೂರ್ಯಪ್ಪ ಉಣ್ಣದೇನೇ ಗೊರಕೆ ಹೊಡೆದ.

ಬೆಳಗಾಗೋ ಹೊತ್ತಾಯ್ತು, ಬೆಳಗಾಗ್ಲಿಲ್ಲ. ಹುಂಜ ಕೂಗಿ ಕೂಗಿ ಅದರ ಗಂಟಲು ಕಟ್ಟಿತು. ಎಮ್ಮೆ ಮಾತ್ರ "ಏನವಸರ?" ಅಂತು. ಗಾಳಿ ಓಡಿ ಬಂತು.

"ಎಬ್ಬಿಸಮ್ಮ, ಕೆಳಗೆ ಕೋಳಿಮರಿಗಳೆಲ್ಲ ನಡುಗ್ತಿವೆ!"

ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಉಣ್ಣದೆ ಕಳಿಸಲ್ಲ."

ಆದ್ರೆ ಮರಿಗಳ ಚಿಂವ್ ಚಿಂವ್ ಅವಳಿಗೂ ಕೇಳಿಸ್ತು. ಸೋತು, ತಾನೇ ಕಂಬಳಿ ಸರಿಸಿದಳು. "ಏಳು ಮಗನೇ. ಹೊತ್ತಾಯ್ತು, ಹೋಗು."

ಸೂರ್ಯಪ್ಪ ಎದ್ದ. ಕಣ್ಣು ಕೆಂಪಗಿತ್ತು. ಮುಚ್ಚಿಟ್ಟ ತಟ್ಟೆ ಕಾಣಿಸ್ತು. ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಒಂದು ತುತ್ತು ತಿಂದ.

"ಅಮ್ಮ, ಉಪ್ಪು ಕಮ್ಮಿ."

ಅವಳು ಸೆರಗಲ್ಲಿ ಕಣ್ಣೊರೆಸ್ಕೊಂಡು ನಕ್ಕಳು. "ಮೊದಲಿಂದಲೂ ಕಮ್ಮಿನೇ ಕಣೋ. ನೀನು ಕೂತು ತಿಂದಿದ್ದು ಇವತ್ತೇ."

ಸೂರ್ಯಪ್ಪ ಕೂತೇ ಪೂರ್ತಿ ಉಂಡ. ಆಮೇಲೆ ಗಾಳಿಗೆ ಹೇಳಿದ, "ಇನ್ಮೇಲೆ ಚಳಿಗಾಲದಲ್ಲಿ ತಡವಾಗಿ ಬರ್ತೀನಿ, ಬೇಗ ಮನೆಗೆ ಹೋಗ್ತೀನಿ. ಕೆಳಗಿನೋರಿಗೆ ಹೇಳ್ಬಿಡು, ಅಮ್ಮ ಕಾಯ್ತಿರ್ತಾಳೆ ಅಂತ."

ಅದಕ್ಕೇ ಇಂಚರಾ, ದೀಪಾವಳಿ ಕಳೀತು ಅಂದ್ರೆ ಬೆಳಗ್ಗೆ ನಮ್ಮ ಕೆರೆ ಹಬೆಯಾಡ್ತಿರುತ್ತೆ, ಅದರಾಚೆ ಸೂರ್ಯಪ್ಪ ಕೆಂಪು ಕಣ್ಣು ಬಿಟ್ಕೊಂಡು ತಡವಾಗಿ ಬರ್ತಾನೆ.

ಕಥೆನೂ ಮುಗೀತು, ತಟ್ಟೆನೂ ಖಾಲಿ. ಇನ್ನೊಂದು ಶೂ ಹುಡುಕ್ತಿದ್ದೆ. ಇಂಚರನ ಅಮ್ಮ ಅಡುಗೆಮನೆಯಿಂದ ಹೇಳಿದಳು: "ರೀ, ಹೆಲ್ಮೆಟ್ ತೆಗೆದು ಕೂತ್ಕೊಳ್ಳಿ, ಇನ್ನೊಂದ್ಸಲ ಬಡಿಸ್ತೀನಿ. ಆಗಲೇ ಉಪ್ಪು ಹಾಕೋದೇ ಮರೆತಿದ್ದೆ."