ಆಮೆ ಬರೆದುಕೊಂಡ ವಿಳಾಸಗಳು

ಗೂಡು ಕಟ್ಟುವುದರಲ್ಲಿ ಪಳಗಿದ ಕಾಗೆಗಳೆಲ್ಲ ಸೇರಿ ಸಮ್ಮೇಳನ ನಡೆಸಿದಾಗ, ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಆಮೆಯ ಪಾಲಿಗೆ ಬಂತು. ಮೊಟ್ಟೆಗೆ ಕಾವು ಕೊಡುತ್ತ ಮನೆಯಲ್ಲೇ ಉಳಿದವರಿಗೆ ಬುತ್ತಿ ಕಳಿಸಬೇಕಿತ್ತು. ಅದಕ್ಕೆಂದು ಆಮೆ ಎಲ್ಲರ ಗೂಡಿನ ವಿಳಾಸವನ್ನೂ ಮುತ್ತುಗದ ಎಲೆಯೊಂದರ ಮೇಲೆ ಬರೆದು, ಚಿಪ್ಪಿನೊಳಗೆ ಜೋಪಾನವಾಗಿ ಇಟ್ಟುಕೊಂಡಿತು.

ಬೆಳಿಗ್ಗೆ ಪ್ರಾರ್ಥನೆ ಹಾಡಿ ಸಭೆಯನ್ನೇ ಮರುಳು ಮಾಡಿದ್ದ ಕೋಗಿಲೆ ಮಧ್ಯಾಹ್ನ ಆಮೆಯ ಬಳಿ ಬಂತು.

"ಆಮೆಯವರೇ, ಆ ಎಲೆ ಒಂದು ಗಳಿಗೆ ಕೊಡಿ. ಎಲ್ಲರಿಗೂ ಕೃತಜ್ಞತೆಯ ಪತ್ರ ಬರೆಯಬೇಕು."

"ಪತ್ರ ಬರೆದು ನನ್ನ ಕೈಗೆ ಕೊಡಿ ಕೋಗಿಲಮ್ಮ, ನಾನೇ ತಲುಪಿಸುತ್ತೇನೆ. ಅವರು ವಿಳಾಸ ಕೊಟ್ಟಿದ್ದು ಬುತ್ತಿಗೆ. ಬೇರೆ ಯಾವುದಕ್ಕೆ ಬಳಸಿದರೂ ಕಾಡಿನ ಕಾಯಿದೆ ಒಪ್ಪುವುದಿಲ್ಲ."

ಪಕ್ಕದಲ್ಲಿದ್ದ ಅಧ್ಯಕ್ಷ ಕಾಗೆ ದಾಕ್ಷಿಣ್ಯಕ್ಕೆ ಸಿಕ್ಕಿಬಿತ್ತು. "ಕರೆದ ತಕ್ಷಣ ಬಂದು ಹಾಡಿದ್ದಾರೆ. ಇಷ್ಟಕ್ಕೂ ಇಲ್ಲವೆಂದರೆ ಏನಂದುಕೊಂಡಾರು? ಕೊಟ್ಟುಬಿಡಿ."

"ನಿಮ್ಮ ಗೂಡಿನದು ನೀವು ಕೊಡಿ, ಅಧ್ಯಕ್ಷರೇ," ಎಂದಿತು ಆಮೆ.

ಅಧ್ಯಕ್ಷನಿಗೆ ತನ್ನ ಗೂಡಿನಲ್ಲಿದ್ದ ನಾಲ್ಕು ಮೊಟ್ಟೆಗಳು ನೆನಪಾದವು. ಕೋಗಿಲೆಯಿಂದ ಎರಡು ಹೆಜ್ಜೆ ದೂರ ಸರಿದು ನಿಂತಿತು.

ಅಷ್ಟರಲ್ಲಿ ಕೊನೆಯ ಬುತ್ತಿಯೂ ತಲುಪಿದ ಸುದ್ದಿ ಬಂತು. ಆಮೆ ಎಲೆಯನ್ನು ಹೊರಗೆ ತೆಗೆದು, ಎಲ್ಲರ ಎದುರಿಗೇ ನಿಧಾನವಾಗಿ ಅಗಿದು ನುಂಗಿತು.

ಕೋಗಿಲೆಗೆ ಸಿಟ್ಟು ನೆತ್ತಿಗೇರಿತು. "ಇಷ್ಟೊಂದು ಗುಟ್ಟು ಮಾಡುತ್ತೀರಲ್ಲ, ನಿಮ್ಮ ಮನೆಯಾದರೂ ಎಲ್ಲಿದೆ?"

ಆಮೆ ಕತ್ತನ್ನು ಎತ್ತರಕ್ಕೆ ಚಾಚಿ, ಬೆನ್ನು ತಿರುಗಿಸಿ ನಿಂತಿತು.

"ಇಗೋ, ಕಣ್ತುಂಬ ನೋಡಿಕೊಳ್ಳಿ. ಇದು ನನ್ನದು, ತೋರಿಸಿದೆ. ಅವು ನನ್ನವಲ್ಲ."