ಚಳಿಗೆ ನಡುಗಿದ ಕಾರು

ಹೇಮಾವತಿಯ ದಂಡೆಯಲ್ಲಿ ಮರುಳಯ್ಯನವರ ಆಶ್ರಮ. ಅಲ್ಲೊಂದು ಹಳೆಯ ಬಿಳಿ ಕಾರು. ಅದನ್ನು ಓಡಿಸುವುದೂ ನೋಡಿಕೊಳ್ಳುವುದೂ ಶಿಷ್ಯೆ ಸರ್ವಮಂಗಳೆಯ ಕೆಲಸ.

ಅವಳ ಅಪ್ಪ ಹಾಸನದಲ್ಲಿ ಗ್ಯಾರೇಜು ಇಟ್ಟಿದ್ದವನು. ಸ್ಪ್ಯಾನರು ಹಿಡಿದೇ ಬೆಳೆದವಳು ಅವಳು. ಆಶ್ರಮಕ್ಕೆ ಬಂದು ಒಂಬತ್ತು ವರ್ಷವಾಗಿತ್ತು, ಬಹಳಷ್ಟನ್ನು ಬಿಟ್ಟಿದ್ದಳು. ಎಂಜಿನ್ನಿನ ವಿಷಯದಲ್ಲಿ ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಹೆಮ್ಮೆಯೊಂದು ಮಾತ್ರ ಉಳಿದುಕೊಂಡಿತ್ತು.

ವಾರಕ್ಕೆ ಮೂರು ದಿನ ಪಕ್ಕದ ಹಳ್ಳಿಯ ರಾಜಮ್ಮನನ್ನು ಡಯಾಲಿಸಿಸ್‌ಗೆಂದು ಪಟ್ಟಣಕ್ಕೆ ಕರೆದೊಯ್ಯಬೇಕಿತ್ತು. ಹಿಂದಿನ ಸಂಜೆಯೇ ರಾಜಮ್ಮ ಬಂದು ಆಶ್ರಮದಲ್ಲಿ ಉಳಿಯುತ್ತಿದ್ದಳು. ಬೆಳಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿರಬೇಕು. ಒಂದು ದಿನ ತಪ್ಪಿದರೂ ಅವಳಿಗೆ ಉಸಿರಾಡುವುದೇ ಕಷ್ಟ.

ಆ ವರ್ಷ ಪುಷ್ಯದ ಚಳಿ ಬಿದ್ದದ್ದೇ ತಡ, ಕಾರು ಹಟ ಹಿಡಿಯಿತು. ಸ್ಟಾರ್ಟ್ ಆಗುತ್ತಿತ್ತು. ಆದರೆ ನಿಂತಲ್ಲೇ ಜ್ವರ ಬಂದವರ ಹಾಗೆ ಗಡಗಡ ನಡುಗಿ ಆಫ್ ಆಗುತ್ತಿತ್ತು. ಎಂಜಿನ್ ಕಾದ ಮೇಲೆ ಏನೂ ಇಲ್ಲ, ನೆಟ್ಟಗೆ ಓಡುತ್ತಿತ್ತು.

“ಯಾಕೆ ನಡುಗುತ್ತೆ?” ಎಂದು ಗುರುಗಳು ಕೇಳಿದರು.

“ಚಳಿ, ಬುದ್ಧಿ. ಮನುಷ್ಯರೇ ನಡುಗುತ್ತೇವೆ. ಇದು ಹಳೇ ಗಾಡಿ.”

ಬಾನೆಟ್ ಎತ್ತಿ ಕಾರ್ಬುರೇಟರಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿದಳು. ಎಂಜಿನ್ನಿನ ವೇಗ ಏರಿತು. ನಡುಕ ನಿಂತಿತು.

ಗುರುಗಳು ಆ ಅಬ್ಬರವನ್ನು ತುಸು ಹೊತ್ತು ಕೇಳುತ್ತ ನಿಂತು, ಒಳಗೆ ಹೋದರು.

ಚಳಿ ಹೆಚ್ಚಿತು, ನಡುಕ ಮರಳಿತು. ಅವಳು ಇನ್ನೊಂದು ಅರ್ಧ ಸುತ್ತು ತಿರುಗಿಸಿದಳು. ಮುಂದಿನ ವಾರ ಮತ್ತೊಂದು. ಬೆಳಗಿನ ಹೊತ್ತು ಬ್ರೇಕು ಕಾಲಿಗೆ ಸ್ವಲ್ಪ ಗಟ್ಟಿ ಎನಿಸಿತು. ಅದೂ ಚಳಿಗೇ ಎಂದುಕೊಂಡಳು.

ಒಂದು ಮುಂಜಾನೆ ಮಂಜು ದಟ್ಟವಾಗಿ ಇಳಿದಿತ್ತು. ರಾಜಮ್ಮ ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದಳು. ಗುರುಗಳು ಗೇಟು ತೆಗೆಯಲು ಹೋದರು.

ಸರ್ವಮಂಗಳೆ ಗೇರು ಹಾಕಿ, ದಿನದ ಹಾಗೆಯೇ ಮೆಲ್ಲಗೆ ಕ್ಲಚ್ಚು ಬಿಟ್ಟಳು. ಕಾರು ಮೆಲ್ಲಗೆ ಹೊರಡಲಿಲ್ಲ. ಸ್ಕ್ರೂ ತಿರುಗಿಸಿ ಏರಿಸಿದ ವೇಗಕ್ಕೆ ಒಮ್ಮೆಲೇ ಹಾರಿತು.

ಬ್ರೇಕು ಒತ್ತಿದಳು. ಪೆಡಲು ಕಲ್ಲಾಗಿತ್ತು. ಕಾರು ಗೇಟಿಗೆ ಬಡಿದು ನಿಂತಿತು.

ಅವಳ ಕೈ ಸ್ಟಿಯರಿಂಗಿಗೆ ಅಂಟಿಕೊಂಡಂತಿತ್ತು.

ಹಿಂದಿನಿಂದ ರಾಜಮ್ಮ ಮೆತ್ತಗೆ ಅಂದಳು: “ಮಂಗಳಾ, ಬುದ್ಧಿಯೋರು ಕಾಣ್ತಿಲ್ಲ.”

ಗುರುಗಳು ಗೇಟಿನ ಆಚೆ ಜಲ್ಲಿಯ ಮೇಲೆ ಅಂಗಾತ ಬಿದ್ದಿದ್ದರು. ಕಣ್ಣು ತೆರೆದಿತ್ತು. ಎಡಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಾಗಿತ್ತು.

“ರಾಜಮ್ಮನಿಗೆ ಹೊತ್ತಾಗುತ್ತೆ” ಎಂದರು. “ಹಾಲಿನ ವ್ಯಾನು ಬರೋ ಸಮಯ. ನಿಲ್ಲಿಸು.”

ವ್ಯಾನು ಇಬ್ಬರನ್ನೂ ಕರೆದೊಯ್ದಿತು.

ಗುರುಗಳು ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಮಧ್ಯಾಹ್ನ ಬಂದರು. ಸರ್ವಮಂಗಳೆ ಕಾರಿನ ಕೀಲಿಯನ್ನು ಅವರ ಪಾದದ ಬಳಿ ಇಟ್ಟಳು.

“ಇನ್ನು ಇದನ್ನು ಮುಟ್ಟುವುದಿಲ್ಲ, ಬುದ್ಧಿ.”

“ನೀನು ಮುಟ್ಟದಿದ್ದರೆ ಅದರ ರೋಗ ಹೋಗುತ್ತಾ?”

ಗುರುಗಳು ಕೀಲಿ ಎತ್ತಿ ಅವಳ ಕೈಗಿಟ್ಟರು.

“ಆ ಸ್ಕ್ರೂ ಮೊದಲು ಎಲ್ಲಿತ್ತೋ ಅಲ್ಲಿಗೇ ತಿರುಗಿಸು. ನಾಳೆ ಬೆಳಗ್ಗೆ ಗಾಡಿ ನಡುಗಲಿ.”

ಮರುದಿನ ಕಾರು ನಡುಗಿತು. ಗುರುಗಳು ಪಕ್ಕದಲ್ಲೇ ಒಂದು ಸ್ಟೂಲಿನ ಮೇಲೆ ಕೂತಿದ್ದರು.

“ಈಗ ಏನು ಮಾಡಲಿ?”

“ಏನೂ ಮಾಡಬೇಡ. ಕೇಳು.”

ಎತ್ತಿದ ಬಾನೆಟ್ಟಿನೊಳಗೆ ಅವಳ ಕೈ ತಾನಾಗಿಯೇ ಕಾರ್ಬುರೇಟರಿನ ಕಡೆ ರೇಸ್ ಕೊಡಲು ಹೋಯಿತು. ಗುರುಗಳು ಬಲಗೈಯಿಂದ ಅದನ್ನು ಹಿಡಿದುಕೊಂಡರು. ಎಂಜಿನ್ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದಳು. ಮತ್ತೆ ಆಫ್ ಆಯಿತು.

ಮೂರನೆಯ ಸಲ ಅವಳಿಗೆ ಕೇಳಿಸಿತು. ನಡುಕದ ಅಡಿಯಲ್ಲಿ ಸಣ್ಣಗೆ, ಯಾರೋ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಳ್ಳುವಂಥ ಸದ್ದು. ಎಂಜಿನ್ನನ್ನು ಅಬ್ಬರಿಸಲು ಬಿಟ್ಟು, ಇಷ್ಟು ದಿನ ಅವಳೇ ಇದನ್ನು ಮುಚ್ಚಿಹಾಕಿದ್ದಳು.

ಲೋಟದಲ್ಲಿ ನೀರು ತಂದು, ಎಂಜಿನ್ ಆಫ್ ಆದಾಗಲೆಲ್ಲ ಮತ್ತೆ ಸ್ಟಾರ್ಟ್ ಮಾಡಿ, ಬೆರಳು ಅದ್ದಿ ಒಂದೊಂದೇ ರಬ್ಬರು ಪೈಪಿನ ಮೇಲೆ ಹನಿಸುತ್ತ ಹೋದಳು. ಮೊದಲನೆಯದರ ಮೇಲೆ ನೀರು ಹಾಗೇ ಜಾರಿತು. ಎರಡನೆಯದರ ಮೇಲೂ ಜಾರಿತು. ಹೆಬ್ಬೆರಳು ದಪ್ಪದ ಇನ್ನೊಂದು ಪೈಪು ಬಾಗುವ ಕಡೆ ಹನಿ ಮಾಯವಾಯಿತು. ಒಳಕ್ಕೆ ಎಳೆದುಕೊಂಡಿತ್ತು. ಎಂಜಿನ್ ಒಂದು ಕ್ಷಣ ನಡುಗುವುದನ್ನು ಮರೆತು ನೆಟ್ಟಗೆ ಓಡಿತು.

ಉಗುರಿನಷ್ಟು ಉದ್ದದ ಬಿರುಕು. ಚಳಿಗೆ ರಬ್ಬರು ಕುಗ್ಗಿದಾಗ ಅದು ಬಾಯಿ ಬಿಡುತ್ತಿತ್ತು, ಕಳ್ಳಗಾಳಿ ನುಗ್ಗುತ್ತಿತ್ತು. ಕಾವಿಗೆ ರಬ್ಬರು ಹಿಗ್ಗಿದರೆ ಮುಚ್ಚಿಕೊಳ್ಳುತ್ತಿತ್ತು.

“ಸಿಕ್ಕಿತು, ಬುದ್ಧಿ” ಎಂದಳು.

“ಆ ಪೈಪು ಎಲ್ಲಿಗೆ ಹೋಗುತ್ತೆ?”

ಅವಳು ಬೆರಳಿನಿಂದ ಪೈಪಿನ ಜಾಡು ಹಿಡಿದು ಹೋದಳು. ಇನ್ನೊಂದು ತುದಿಯಲ್ಲಿ ಬೆರಳು ನಿಂತಿತು.

ಅದು ಬ್ರೇಕಿಗೆ ಹೋಗುತ್ತಿತ್ತು. ಒತ್ತುವ ಕಾಲಿಗೆ ಎಂಜಿನ್ನಿನ ಬಲ ಕೂಡಿಸುವ ಪೈಪು ಅದು. ಆಶ್ರಮದ ಹೊರಗೇ ಇರುವ ಸೇತುವೆಯ ಇಳಿಜಾರಿನಲ್ಲಿ, ಎಂಜಿನ್ ಕಾಯುವ ಮೊದಲೇ, ವಾರಕ್ಕೆ ಮೂರು ಮುಂಜಾನೆ, ಇದೇ ಪೈಪನ್ನು ನಂಬಿ ರಾಜಮ್ಮನನ್ನು ಕೂರಿಸಿಕೊಂಡು ಹೋಗಿದ್ದಳು.

ಅವಳು ಎಂಜಿನ್ ಆಫ್ ಮಾಡಿದಳು.

“ರಾಜಮ್ಮನಿಗೆ ಹೇಳಬೇಕು” ಎಂದಳು.

“ಹೇಳು.”

ಪಟ್ಟಣದಿಂದ ಹೊಸ ಪೈಪು ತಂದು ಹಾಕಿದಳು. ಸ್ಕ್ರೂವಿನಿಂದ ಹಿಡಿದು ಬ್ರೇಕಿನವರೆಗೆ ಏನನ್ನೂ ಮುಚ್ಚಿಡದೆ ರಾಜಮ್ಮನಿಗೆ ಹೇಳಿದಳು.

“ಈಗ ಗಾಡಿ ನಿಲ್ಲುತ್ತಾ?” ಎಂದು ರಾಜಮ್ಮ ಕೇಳಿದಳು.

“ನಿಲ್ಲುತ್ತೆ, ಅಮ್ಮ. ಬೆಳಗಿನ ಚಳಿಯಲ್ಲೇ ಸೇತುವೆಯ ಇಳಿಜಾರಿನಲ್ಲಿ ಇಪ್ಪತ್ತು ಸಲ ನಿಲ್ಲಿಸಿ ನೋಡಿದೆ.”

ರಾಜಮ್ಮ ಎದ್ದು ಹೋಗಿ ಕಾರು ಹತ್ತಿದಳು. ಆ ದಿನ ಮುಂದಿನ ಸೀಟಿನಲ್ಲಿ ಕೂತಳು.

ಆಸ್ಪತ್ರೆಯಿಂದ ಬಂದ ಮೇಲೆ ಸರ್ವಮಂಗಳೆ ಗುರುಗಳ ಎದುರು ಕೂತಳು. ಒಂದು ವಿಚಾರ ಅವಳನ್ನು ಕೊರೆಯುತ್ತಿತ್ತು. ಮೊದಲ ದಿನವೇ ಕಾರಣ ಕೇಳಿದವರು ಅವರು. ಆ ಅಬ್ಬರಕ್ಕೆ ಕಿವಿಗೊಟ್ಟು ನಿಂತವರೂ ಅವರೇ.

“ಬುದ್ಧಿ, ನಿಮಗೆ ಮೊದಲೇ ಗೊತ್ತಿತ್ತು, ಅಲ್ಲವೇ? ನನ್ನ ಹಮ್ಮು ಮುರಿಯಲೆಂದೇ ಸುಮ್ಮನಿದ್ದಿರಿ.”

ಮರುಳಯ್ಯನವರು ಪ್ಲಾಸ್ಟರು ಹಾಕಿದ ಕೈಯನ್ನು ಒಮ್ಮೆ ನೋಡಿಕೊಂಡರು, ಆಮೇಲೆ ಅವಳನ್ನು ನೋಡಿದರು.

“ಗೊತ್ತಿದ್ದಿದ್ದರೆ ಗಾಡಿಯ ಮುಂದೆ ನಿಲ್ಲುತ್ತಿದ್ದೆನಾ, ತಾಯಿ?”